ಕೆಸುವಿಗೆ ಮುನ್ನೂರು ಹೆಸರು ಯಾಕೆ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ಮಗಳು ಹವಾಯಿಯ ಹೊನೊಲುಲುವಿನಲ್ಲಿದ್ದಾಳೆ. ಹೋದ ವರ್ಷ ಆರು ತಿಂಗಳು ಅವಳ ಜೊತೆ ಇದ್ದು ಬಂದೆ. ಅಲ್ಲಿಯ ಸಂತೆಯಲ್ಲಿ ನಮ್ಮ ಕೆಸು ನೋಡಿ ಆಶ್ಚರ್ಯವಾಯಿತು. ಅವರು ಅದನ್ನು ‘ಕಲೊ’ ಅನ್ನುತ್ತಾರೆ. ಮಾರುವ ಅಜ್ಜಿ ಇದಕ್ಕೆ ಮುನ್ನೂರು ಹೆಸರಿದೆ ಅಂದರು. ನಿಜವಾ? ಒಂದು ಗಿಡಕ್ಕೆ ಇಷ್ಟು ಹೆಸರು ಯಾಕೆ? ಅರಿಶಿನ, ತೆಂಗು, ಬಾಳೆ, ಕಬ್ಬು, ಜೀಗುಜ್ಜೆ, ಸುರಹೊನ್ನೆ ಎಲ್ಲವೂ ಅಲ್ಲಿವೆ. ಇವೆಲ್ಲ ನಮ್ಮ ದೇಶದಿಂದ ಹೋದವಾ? ಇನ್ನೊಂದು, ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ. ನೋನಿ ರಸ ಕುಡಿಸಿ ಅಂತ ಹೇಳುವವರಿದ್ದಾರೆ. ಅದೂ ಆ ದ್ವೀಪಗಳ ಔಷಧಿಯೇ ಅಂತೆ. ಕೊಡಬಹುದಾ? ಕೊನೆಗೆ ಒಂದು ಸಣ್ಣ ವಿಷಯ. ಮಗಳು ಅಲ್ಲಿಯ ಎಲೆಯಲ್ಲಿ ಪತ್ರೊಡೆ ಮಾಡಿದಳು. ಬಾಯೆಲ್ಲ ತುರಿಸಿತು. ಯಾಕೆ?

ಉತ್ತರ: ಅಜ್ಜಿ ಹೇಳಿದ್ದು ನಿಜ. ಹವಾಯಿ ಭಾಷೆಯಲ್ಲಿ ಕಲೊ ತಳಿಗಳಿಗೆ ಬರೆದಿಟ್ಟ ಹೆಸರುಗಳೇ 300ಕ್ಕಿಂತ ಜಾಸ್ತಿ ಇವೆ. ಆದರೆ ತಳಿಗಳು ಅಷ್ಟಿಲ್ಲ. ಒಂದೇ ತಳಿಗೆ ಒಂದು ದ್ವೀಪದಲ್ಲಿ ಒಂದು ಹೆಸರು, ಪಕ್ಕದ ದ್ವೀಪದಲ್ಲಿ ಇನ್ನೊಂದು. 1939ರಲ್ಲಿ ಅಲ್ಲಿಯ ಕೃಷಿ ಪ್ರಯೋಗ ಕೇಂದ್ರದವರು ಎಲೆ, ದಂಟು, ಗಡ್ಡೆ ಎಲ್ಲವನ್ನೂ ಹೋಲಿಸಿ ನೋಡಿ 84 ತಳಿಗಳ ವಿವರ ಬರೆದರು. ಹೊರಗಿನಿಂದ ಬಂದ ಕೆಲವೂ ಆ ಲೆಕ್ಕದಲ್ಲಿ ಸೇರಿದ್ದವು. ಇವತ್ತು ಗದ್ದೆಯಲ್ಲಿ ಸಿಗುವುದು ಅದಕ್ಕಿಂತ ಕಡಿಮೆ.

ಯಾಕೆ ಇಷ್ಟು ಹೆಸರು ಅನ್ನುವುದಕ್ಕೆ ಉತ್ತರ ನಿಮ್ಮ ಊರಲ್ಲೇ ಇದೆ. ನಿಮ್ಮ ಕಡೆ ಅಪ್ಪೆಮಿಡಿಗೆ ಎಷ್ಟು ಹೆಸರು, ನೋಡಿ! ‘ಅನಂತಭಟ್ಟನ ಅಪ್ಪೆ’ ಅಂದ ಕೂಡಲೇ ಉಪ್ಪಿನಕಾಯಿ ಹಾಕುವವರಿಗೆ ಅದರ ಸೊನೆಯ ಪರಿಮಳ, ಮಿಡಿಯ ಗಾತ್ರ, ಭರಣಿಯಲ್ಲಿ ಎಷ್ಟು ದಿನ ತಾಳುತ್ತದೆ ಅನ್ನುವುದು ಎಲ್ಲ ನೆನಪಿಗೆ ಬರುತ್ತದೆ. ಪೇಟೆಯವರಿಗೆ ಅದು ಬರೀ ಮಾವಿನ ಮಿಡಿ. ಹಲಸಿನಲ್ಲೂ ಹಾಗೇ. ಬಕ್ಕೆ ಯಾವುದು, ಅಂಬಲಿ ಯಾವುದು ಅಂತ ತಿಳಿಯದವರು ಹಪ್ಪಳ ಮಾಡಲು ಹೊರಟರೆ ಕಷ್ಟ. ಹವಾಯಿಯವರಿಗೆ ಕಲೊ ಹೀಗೆ ಹತ್ತಿರದ ಗಿಡ. ಹಿಂದೆ ಅಕ್ಕಿ, ಗೋಧಿ, ರಾಗಿ ಯಾವುದೂ ಇಲ್ಲದಿದ್ದ ನಾಡು ಅದು. ಕಲೊ ಅವರ ಅನ್ನ.

ಆ ಹೆಸರುಗಳನ್ನು ಸ್ವಲ್ಪ ಬಿಡಿಸಿ ನೋಡೋಣ. ‘ಮನಿನಿ’ ಅಂತ ಒಂದು ಗುಂಪು. ಮನಿನಿ ಅಂದರೆ ಬಂಡೆಗಳ ನಡುವೆ ಈಜುವ, ಮೈಮೇಲೆ ಪಟ್ಟೆ ಇರುವ ಒಂದು ಮೀನು. ಈ ಕೆಸುವಿನ ದಂಟಿನ ಮೇಲೂ ಪಟ್ಟೆ. ‘ಎಲೆಪಾಯೊ’ ಅನ್ನುವುದು ಕಾಡಿನ ಪುಟ್ಟ ಹಕ್ಕಿ. ಬಿಳಿ ಮಚ್ಚೆಯ ಎಲೆ ಇರುವ ತಳಿಗೆ ಅದರ ಹೆಸರು. ‘ಅಪುವೈ’ ಅಂದರೆ ನೀರಿನ ಬಟ್ಟಲು. ಇದರ ಎಲೆ ಬಟ್ಟಲಿನ ಹಾಗೆ ಮೇಲಕ್ಕೆ ಮಡಚಿರುತ್ತದೆ, ಮಳೆ ಬಂದರೆ ನೀರು ನಿಲ್ಲುತ್ತದೆ. ‘ಉವಾಹಿ ಅ ಪೆಲೆ’ ಅಂದರೆ ಪೆಲೆಯ ಹೊಗೆ. ಪೆಲೆ ಜ್ವಾಲಾಮುಖಿಯ ದೇವಿ. ಈ ತಳಿಗೆ ಹೊಗೆ ಹಿಡಿದಂಥ ಬಣ್ಣ. ‘ಪಿಕೊ’ ಅಂದರೆ ಹೊಕ್ಕುಳು. ಎಲೆಗೆ ದಂಟು ಕೂಡುವ ಜಾಗವನ್ನು ಅವರು ಹೊಕ್ಕುಳು ಅನ್ನುತ್ತಾರೆ. ಎಲೆಯ ಸೀಳು ಅಲ್ಲಿಯವರೆಗೂ ಬಂದಿದ್ದರೆ ಅದು ಪಿಕೊ ಗುಂಪಿನ ಕೆಸು. ‘ಲೆಹುಅ’ ಕೆಂಪು ಹೂವು. ಆ ಹೆಸರಿನ ತಳಿಯ ಗಡ್ಡೆ ಅರೆದರೆ ನಸುಗೆಂಪು ಬಣ್ಣ ಬರುತ್ತದೆ.

ಅಂದರೆ ಗದ್ದೆಗೆ ಹೋಗುವ ಮಗು ಹೆಸರು ಕಲಿಯುವಾಗಲೇ ಗುರುತು ಹಿಡಿಯುವುದನ್ನೂ ಕಲಿಯುತ್ತದೆ. ಮೀನು ಗೊತ್ತಿದ್ದರೆ ಗಿಡ ಗೊತ್ತು. ಹಕ್ಕಿ ಗೊತ್ತಿದ್ದರೆ ಎಲೆ ಗೊತ್ತು. ನಾನು ಇಷ್ಟು ವರ್ಷ ಗಿಡದ ಹೆಸರುಗಳನ್ನೇ ಓದುತ್ತಾ ಬಂದಿದ್ದೇನೆ. ಕಡಲು, ಕಾಡು, ಗದ್ದೆ ಮೂರೂ ಹೀಗೆ ಒಂದೇ ಹೆಸರಿನ ಎಳೆಯಲ್ಲಿ ಕೂಡುವುದನ್ನು ನೋಡಿದಾಗ ಈಗಲೂ ಮೈ ಝುಂ ಅನ್ನುತ್ತದೆ.

ತಳಿಗೆ ಮಾತ್ರ ಅಲ್ಲ, ಗಿಡದ ಪ್ರತಿ ಭಾಗಕ್ಕೂ ಹೆಸರಿದೆ. ದಂಟು ‘ಹಾ’. ಎಳೆ ಎಲೆ ‘ಲೂಆವ್’. ಈಗ ಪ್ರವಾಸಿಗರು ಊಟದ ಕೂಟಕ್ಕೆ ಲೂಆವ್ ಅನ್ನುತ್ತಾರಲ್ಲ, ಅದು ಈ ಎಲೆಯ ಹೆಸರೇ. ಕೂಟದಲ್ಲಿ ಬಡಿಸುತ್ತಿದ್ದ ಎಲೆಯಿಂದ ಕೂಟಕ್ಕೆ ಹೆಸರು ಬಂತು. ಗಡ್ಡೆ ಕೊಯ್ದ ಮೇಲೆ ಮತ್ತೆ ನೆಡಲು ಇಟ್ಟುಕೊಳ್ಳುವ ತಲೆಭಾಗ ‘ಹುಲಿ’. ತಾಯಿಗಡ್ಡೆ ‘ಮಕುಅ’. ಆ ಮಾತಿಗೆ ಹೆತ್ತವರು ಅಂತಲೂ ಅರ್ಥ. ಪಕ್ಕದಲ್ಲಿ ಒಡೆಯುವ ಮರಿಗಡ್ಡೆ ‘ಒಹಾ’. ಮನೆ ಮಂದಿಗೆಲ್ಲ ಸೇರಿಸಿ ‘ಒಹನ’ ಅನ್ನುವುದು ಈ ಒಹಾದಿಂದಲೇ. ಒಂದು ತಾಯಿಗಡ್ಡೆಯ ಸುತ್ತ ಎದ್ದ ಮರಿಗಳು, ಅದೇ ಕುಟುಂಬ.

ಇದರ ಹಿಂದೆ ಒಂದು ಕತೆಯಿದೆ. ಆಕಾಶದ ತಂದೆ ವಾಕೆಅ, ಹೊಓಹೋಕೂಕಲನಿ ಇಬ್ಬರಿಗೂ ಹುಟ್ಟಿದ ಮೊದಲ ಮಗುವಿಗೆ ಜೀವ ಇರಲಿಲ್ಲ. ಅದನ್ನು ಮಣ್ಣು ಮಾಡಿದರು. ಆ ಜಾಗದಲ್ಲಿ ಮೊದಲ ಕಲೊ ಗಿಡ ಚಿಗುರಿತು. ಆಮೇಲೆ ಹುಟ್ಟಿದ ಮಗುವಿಗೆ ಅಣ್ಣನದೇ ಹೆಸರಿಟ್ಟರು, ಹಾಲೋಅ ಅಂತ. ಉದ್ದ ದಂಟು ಅಂತ ಅದರ ಅರ್ಥ. ಈ ಎರಡನೆಯ ಹಾಲೋಅ ಮನುಷ್ಯರ ಮೂಲಪುರುಷ. ಹಾಗಾಗಿ ಹವಾಯಿಯವರಿಗೆ ಕೆಸು ಒಡಹುಟ್ಟಿದ ಅಣ್ಣ. ತಮ್ಮ ಅಣ್ಣನನ್ನು ನೋಡಿಕೊಳ್ಳಬೇಕು, ಅಣ್ಣ ತಮ್ಮನಿಗೆ ಉಣ್ಣಿಸುತ್ತಾನೆ. ಬೇಯಿಸಿದ ಗಡ್ಡೆಯನ್ನು ಕಲ್ಲಿನ ಗುಂಡಿನಲ್ಲಿ ಕುಟ್ಟಿ, ನೀರು ಸೇರಿಸಿ ‘ಪೊಯ್’ ಮಾಡುತ್ತಾರೆ. ಅಂಬಲಿಗಿಂತ ಗಟ್ಟಿ, ಮುದ್ದೆಗಿಂತ ತೆಳು. ಪೊಯ್ ಬಟ್ಟಲಿನ ಮುಚ್ಚಳ ತೆಗೆದಿದ್ದಾಗ ಮನೆಯಲ್ಲಿ ಜಗಳ ಆಡಬಾರದು. ಹಿರಿಯಣ್ಣ ಎದುರಿಗೆ ಕೂತಿದ್ದಾನೆ, ಅಲ್ವಾ.

ಹೆಸರು ಜಾಸ್ತಿ ಇದ್ದರೆ ಏನು ಲಾಭ ಅಂತ ಕೇಳುವವರಿಗೆ ನಾನು ಸಮೋಅದ ಮಾತು ಹೇಳುತ್ತೇನೆ. ಸಮೋಅ ಕೂಡ ಅದೇ ಕಡಲಿನ ದ್ವೀಪ, ಭಾಷೆಯೂ ಹವಾಯಿ ಭಾಷೆಯ ದಾಯಾದಿ. 1990ರ ದಶಕದ ಹೊತ್ತಿಗೆ ಅಲ್ಲಿಯ ರೈತರು ಹೆಚ್ಚಾಗಿ ಬೆಳೆಯುತ್ತಿದ್ದದ್ದು ‘ತಲೊ ನಿಯುಎ’ ಅನ್ನುವ ಒಂದೇ ತಳಿ. ರುಚಿ ಚೆನ್ನ, ಹೊರದೇಶಕ್ಕೆ ಒಳ್ಳೆ ಬೆಲೆಗೆ ಹೋಗುತ್ತಿತ್ತು. 1993ರಲ್ಲಿ ಎಲೆ ಅಂಗಮಾರಿ ರೋಗ ಕಾಲಿಟ್ಟಿತು. ಒಂದೆರಡು ವರ್ಷದಲ್ಲಿ ಬೆಳೆ ಹೆಚ್ಚುಕಡಿಮೆ ಪೂರ್ತಿ ನಾಶವಾಯಿತು. ಆ ರೋಗ ತಂದದ್ದು ಫೈಟಾಫ್ತೊರ ಅನ್ನುವ ಸೂಕ್ಷ್ಮಜೀವಿ. ಈ ಹೆಸರು ನಿಮಗೆ ಗೊತ್ತಿರಬಹುದು. ನಿಮ್ಮ ಅಡಿಕೆ ತೋಟದ ಕೊಳೆರೋಗಕ್ಕೂ ಅದೇ ಕುಲದ ಜೀವಿಯೇ ಕಾರಣ. ಮಳೆಗಾಲದಲ್ಲಿ ಅದು ಹೇಗೆ ಹಬ್ಬುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸಮೋಅದವರು ಮತ್ತೆ ಕೆಸು ಬೆಳೆಯುವಂತಾದದ್ದು ಬೇರೆ ದ್ವೀಪಗಳ ಹಳೆಯ ತಳಿಗಳನ್ನು ತಂದು, ತಮ್ಮ ತಳಿಯ ಜೊತೆ ಕೂಡಿಸಿ, ರೋಗ ತಡೆಯುವ ಹೊಸ ಗಿಡಗಳನ್ನು ಎಬ್ಬಿಸಿದ ಮೇಲೆ. ಯಾವ ಊರಿನ ಯಾರೋ ಹೆಸರಿಟ್ಟು ಹಿತ್ತಲಲ್ಲಿ ಉಳಿಸಿಕೊಂಡ ತಳಿ ಇನ್ನೊಂದು ಊರನ್ನು ಕಾಪಾಡಿತು.

ಈಗ ನಿಮ್ಮ ಎರಡನೆಯ ಪ್ರಶ್ನೆ. ಇವೆಲ್ಲ ನಮ್ಮ ದೇಶದಿಂದ ಹೋದವಾ? ಇಲ್ಲ. ಹೀಗೆ ಕೇಳುವವರು ತುಂಬ ಜನ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹವಾಯಿ ದ್ವೀಪಗಳಲ್ಲಿ ಮನುಷ್ಯರು ಬಂದು ನೆಲೆಸಿದ್ದು ಸುಮಾರು 800ರಿಂದ 1000 ವರ್ಷಗಳ ಹಿಂದೆ. ಅದಕ್ಕೆ ಮೊದಲು ಅಲ್ಲಿ ಕೆಸುವೂ ಇರಲಿಲ್ಲ, ಬಾಳೆಯೂ ಇರಲಿಲ್ಲ. ಜೋಡಿ ದೋಣಿ ಕಟ್ಟಿಕೊಂಡು ದಕ್ಷಿಣದ ದ್ವೀಪಗಳಿಂದ ಬಂದವರು ತಮ್ಮ ಜೊತೆ ಎರಡು ಡಜನ್‌ನಷ್ಟು ಗಿಡಗಳನ್ನು ತಂದರು. ಬೀಜವಲ್ಲ, ಹೆಚ್ಚಾಗಿ ಗಡ್ಡೆ, ಕಂದು, ಬೇರಿನ ಚಿಗುರು. ಜೀಗುಜ್ಜೆಯ ತಳಿಯಲ್ಲಿ ಬೀಜವೇ ಇಲ್ಲ. ಬೇರಿನಿಂದ ಎದ್ದ ಸಸಿಯನ್ನು ಉಪ್ಪುನೀರು ತಾಗದ ಹಾಗೆ ಸುತ್ತಿ, ವಾರಗಟ್ಟಲೆ ಕಾಪಾಡಿ ತರಬೇಕು. ಹಾಗೆ ತಂದರು. ಅವರ ಹಿಂದಿನವರು ಸುಮಾರು 3000 ವರ್ಷಗಳ ಹಿಂದೆ ತೊಂಗ, ಸಮೋಅ ದ್ವೀಪಗಳಿಗೆ ಬಂದವರು. ಅವರಿಗೂ ಹಿಂದಿನವರು ತೈವಾನ್‌ನಿಂದ ಹೊರಟವರು. ಇದನ್ನು ಗಿಡವೇ ಹೇಳಿದೆ. ತೊಗಟೆ ಬಡಿದು ಬಟ್ಟೆ ಮಾಡುವ ‘ವೌಕೆ’ ಅನ್ನುವ ಗಿಡದ ವಂಶವಾಹಿಯನ್ನು ಪರೀಕ್ಷಿಸಿ, 2015ರಲ್ಲಿ ವಿಜ್ಞಾನಿಗಳು ಅದರ ಮೂಲ ತೈವಾನ್ ಅಂತ ತೋರಿಸಿದರು.

ಹೆಸರುಗಳೂ ಇದೇ ದಾರಿಯನ್ನು ಹೇಳುತ್ತವೆ. ಸಮೋಅ, ತೊಂಗದಲ್ಲಿ ಕೆಸು ‘ತಲೊ’. ನ್ಯೂಜಿಲೆಂಡಿನ ಮಾವೊರಿ ಜನಕ್ಕೆ ‘ತರೊ’. ಫಿಜಿಯಲ್ಲಿ ‘ದಲೊ’. ಹವಾಯಿಗೆ ಬರುವ ಹೊತ್ತಿಗೆ ತಕಾರ ಕಕಾರವಾಗಿ ‘ಕಲೊ’. ಕೇದಿಗೆ ಜಾತಿಯ ಗಿಡ ಸಮೋಅದಲ್ಲಿ ‘ಫಲ’, ತಹಿತಿಯಲ್ಲಿ ‘ಫರ’, ಹವಾಯಿಯಲ್ಲಿ ‘ಹಲ’. ಇದು ನಮಗೆ ಹೊಸದೇನಲ್ಲ. ಹಳಗನ್ನಡದ ಪಾಲು ನಮ್ಮ ಬಾಯಲ್ಲಿ ಹಾಲಾಯಿತು, ಪೂ ಹೂವಾಯಿತು. ತುಳುವರು ಇವತ್ತಿಗೂ ಪೂ ಅನ್ನುತ್ತಾರೆ. ಅಲ್ಲಿ ಫ ಹೋಗಿ ಹ ಬಂತು, ಇಲ್ಲಿ ಪ ಹೋಗಿ ಹ ಬಂತು. ಕೆಸುವನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಕೆಸು, ಕೊಡವರಲ್ಲಿ ಕೆಂಬು, ತಮಿಳಿನಲ್ಲಿ ಚೇಂಬು, ತೆಲುಗಿನಲ್ಲಿ ಚೇಮ, ತುಳುವಿನಲ್ಲಿ ತೇವು. ಒಂದೇ ಮನೆಯ ಅಕ್ಕತಂಗಿಯರು. ಆದರೆ ಕೆಸುವಿಗೂ ಕಲೊಗೂ ಮಾತಿನ ನಂಟಿಲ್ಲ. ಎರಡರಲ್ಲೂ ಮೊದಲು ಕಕಾರ ಇರುವುದು ಬರೀ ಕಾಕತಾಳೀಯ. ಕಲೊದ ಕಕಾರ ತಕಾರದಿಂದ ಬಂದದ್ದು ಅಂತ ಈಗ ನಿಮಗೂ ಗೊತ್ತಾಯಿತು.

(ಆ ಭಾಷೆಯಲ್ಲಿ ಸ್ವರ ಐದು, ವ್ಯಂಜನ ಎಂಟೇ. ಎಂಟರಲ್ಲಿ ಒಂದು, ಗಂಟಲಲ್ಲಿ ಗಾಳಿಯನ್ನು ಹಿಡಿದು ಬಿಡುವ ಸಣ್ಣ ತಡೆ. ಅದಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ಇಲ್ಲಿ ಅದನ್ನು ಬಿಟ್ಟೇ ಬರೆಯುತ್ತಿದ್ದೇನೆ.)

ಕಬ್ಬಿನ ಹೆಸರು ಇನ್ನೂ ಚೆನ್ನ. ಮಲಯ ಭಾಷೆಯಲ್ಲಿ ‘ತೆಬು’, ಫಿಜಿಯಲ್ಲಿ ‘ದೊವು’, ತೊಂಗದಲ್ಲಿ ‘ತೋ’, ಹವಾಯಿಯಲ್ಲಿ ‘ಕೋ’. ಕಡಲಲ್ಲಿ ಮುಂದೆ ಮುಂದೆ ಹೋದ ಹಾಗೆ ಮಾತು ಸವೆದು ಒಂದೇ ಅಕ್ಷರ ಉಳಿಯಿತು. ದಪ್ಪ, ಸಿಹಿ ಕಬ್ಬನ್ನು ಮೊದಲು ಪಳಗಿಸಿದ್ದು ನ್ಯೂಗಿನಿ ದ್ವೀಪದ ಜನ. ಅದು ಅಲ್ಲಿಂದ ಪೂರ್ವಕ್ಕೂ ಹೋಯಿತು, ಪಶ್ಚಿಮಕ್ಕೆ ನಮ್ಮ ಕಡೆಗೂ ಬಂತು. ಹಾಗಾಗಿ ಕಬ್ಬಿನ ವಿಷಯದಲ್ಲಿ ನಾವು ಪಡೆದವರು. ತೆಂಗಿನದು ಬೇರೆ ಕತೆ. ಅದರ ವಂಶವಾಹಿಯಲ್ಲಿ ಎರಡು ದೊಡ್ಡ ಗುಂಪು ಇವೆ ಅಂತ 2011ರಲ್ಲಿ ಗೊತ್ತಾಯಿತು. ಒಂದು ಪೆಸಿಫಿಕ್ ಕಡೆಯದು, ಇನ್ನೊಂದು ಹಿಂದೂ ಮಹಾಸಾಗರದ ಕಡೆಯದು. ಎರಡೂ ಕಡೆಯ ಜನ ಬೇರೆ ಬೇರೆಯಾಗಿಯೇ ತೆಂಗನ್ನು ಪಳಗಿಸಿದರು. ಅವರ ‘ನಿಯು’ ಅವರದೇ, ನಮ್ಮ ತೆಂಗು ನಮ್ಮದೇ.

ಇನ್ನು ಜೀಗುಜ್ಜೆ. ಇದು ಪೂರ್ತಿಯಾಗಿ ಅವರ ಗಿಡ. ಅವರ ‘ಉಲು’. ನ್ಯೂಗಿನಿಯ ಕಡೆಯಿಂದ ಹೊರಟು ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾ ಬೀಜ ಕಳೆದುಕೊಂಡ ಹಲಸಿನ ನೆಂಟ. ನಮ್ಮ ಕರಾವಳಿಗೆ ಬಂದದ್ದು ಎಷ್ಟೋ ಆಮೇಲೆ. ನಮ್ಮ ಹಿರಿಯರು ಅದನ್ನು ಮರೆಮಾಚಲಿಲ್ಲ. ‘ದೀವಿ ಹಲಸು’, ‘ದೀವಿಗುಜ್ಜೆ’ ಅಂತ ಕರೆದರು. ದೀವಿ ಅಂದರೆ ದ್ವೀಪ. ದ್ವೀಪದ ಹಲಸು ಅಂತ ಹೆಸರಲ್ಲೇ ಬರೆದಿಟ್ಟಿದ್ದಾರೆ. ನಾವು ಜೀಗುಜ್ಜೆ ಪೋಡಿ ತಿನ್ನುವಾಗ ಅದನ್ನು ನೆನೆಯುವುದಿಲ್ಲ, ಅಷ್ಟೇ.

ಹೊಸ ನೆಲಕ್ಕೆ ಬಂದ ಜನ ಹಳೆಯ ಹೆಸರುಗಳನ್ನು ಏನು ಮಾಡಿದರು ಅನ್ನುವುದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ದಕ್ಷಿಣದ ದ್ವೀಪಗಳಲ್ಲಿ ‘ತೋಅ’ ಅಂದರೆ ಗಾಳಿ ಮರ. ನಮ್ಮ ಕಡಲತೀರದಲ್ಲೂ ಸಾಲಾಗಿ ನೆಟ್ಟಿರುವ ಅದೇ ಮರ. ಕಬ್ಬಿಣದಂಥ ಗಟ್ಟಿ. ತೋಅ ಅಂದರೆ ಯೋಧ, ಧೀರ ಅಂತಲೂ ಅರ್ಥ. ಹವಾಯಿಯಲ್ಲಿ ಆಗ ಗಾಳಿ ಮರ ಇರಲಿಲ್ಲ. ಆದರೆ ಅಲ್ಲಿಯ ಬೆಟ್ಟದಲ್ಲಿ ಇನ್ನೊಂದು ಗಟ್ಟಿ ಮರ ಸಿಕ್ಕಿತು. ಅದನ್ನೇ ‘ಕೋಅ’ ಅಂದರು. ಆ ಮರದಿಂದ ದೋಣಿ ಮಾಡಿದರು. ಮಲೆನಾಡಿನಲ್ಲಿ ಎಲ್ಲೆಲ್ಲೂ ನೆಟ್ಟಿರುವ ಅಕೇಶಿಯಾ ನೋಡಿದ್ದೀರಲ್ಲ, ಕುಡುಗೋಲಿನಂಥ ಬಾಗಿದ ಎಲೆಯದು, ಕೋಅ ಅದೇ ಕುಲದ್ದು. ಎಲೆಪಾಯೊ ಹಕ್ಕಿ ಮತ್ತೆ ಇಲ್ಲಿ ಬರುತ್ತದೆ. ದೋಣಿಗೆ ಮರ ಆರಿಸುವಾಗ ಆ ಹಕ್ಕಿಯನ್ನು ಗಮನಿಸುತ್ತಿದ್ದರು. ಅದು ಕಾಂಡವನ್ನು ಕುಕ್ಕತೊಡಗಿದರೆ ಒಳಗೆ ಹುಳು ಇದೆ, ಆ ಮರ ಬೇಡ.

ನ್ಯೂಜಿಲೆಂಡಿಗೆ ಹೋದವರ ಪಾಡು ಇನ್ನೂ ಕಷ್ಟ. ಅಲ್ಲಿಯ ಚಳಿಗೆ ತೆಂಗೂ ಬರಲಿಲ್ಲ, ಜೀಗುಜ್ಜೆಯೂ ಬರಲಿಲ್ಲ, ‘ಕವ’ವೂ ಬರಲಿಲ್ಲ. ಕವ ಅಂದರೆ ಮೆಣಸಿನ ಬಳ್ಳಿ, ವೀಳ್ಯದೆಲೆ ಇವುಗಳ ಕುಲದ ಗಿಡ. ಅದರ ಬೇರನ್ನು ಕುಟ್ಟಿ ನೀರಲ್ಲಿ ಕದಡಿ ಕುಡಿಯುತ್ತಾರೆ. ದೊಡ್ಡವರು ಬಂದಾಗ, ರಾಜಿ ಪಂಚಾಯಿತಿ ಮಾಡುವಾಗ, ದೇವರ ಮುಂದೆ ಅದು ಬೇಕೇ ಬೇಕು. ನಮ್ಮಲ್ಲಿ ವೀಳ್ಯ ಹಿಡಿದು ಮಾತು ಕೊಡುವ ಹಾಗೆ. ನ್ಯೂಜಿಲೆಂಡಿನಲ್ಲಿ ಅದರ ಹೋಲಿಕೆಯ ಎಲೆ ಇರುವ ಒಂದು ಕಾಡುಗಿಡ ಕಂಡಿತು. ಅದನ್ನು ‘ಕವಕವ’ ಅಂತ ಕರೆದರು. ಅದೇ ಕುಲದ ಗಿಡ ಅಂತ ಇವತ್ತಿನ ಸಸ್ಯಶಾಸ್ತ್ರವೂ ಒಪ್ಪುತ್ತದೆ. ಊರು ಬಿಟ್ಟವರು ಹೆಸರನ್ನಾದರೂ ಜೊತೆಗೆ ಒಯ್ದರು.

ಸಿಹಿಗೆಣಸಿನದು ಮಾತ್ರ ಎಲ್ಲಕ್ಕಿಂತ ದೊಡ್ಡ ಬೆರಗು. ಅದು ದಕ್ಷಿಣ ಅಮೆರಿಕದ ಗಿಡ. ಯುರೋಪಿನವರು ಬರುವ ಎಷ್ಟೋ ಮೊದಲೇ ಅದು ಈ ದ್ವೀಪಗಳಲ್ಲಿತ್ತು. ಮಾವೊರಿಯಲ್ಲಿ ‘ಕೂಮರ’, ಹವಾಯಿಯಲ್ಲಿ ‘ಉಅಲ’. ಆಂಡಿಸ್ ಪರ್ವತದ ಕೆಚುವ ಭಾಷೆಯಲ್ಲಿ ಒಂದು ಬಗೆಯ ಗೆಣಸಿಗೆ ‘ಕುಮರ್’ ಅನ್ನುತ್ತಾರೆ. ಎರಡು ಖಂಡದ ಜನ ಒಮ್ಮೆ ಎದುರುಬದುರು ನಿಂತು ಗೆಣಸು ಕೊಟ್ಟು ತೆಗೆದುಕೊಂಡಿದ್ದರು ಅನ್ನುವುದಕ್ಕೆ ಈ ಹೆಸರು ಒಂದು ಸಾಕ್ಷಿ.

ನಮ್ಮವರೂ ಆ ಕಡಲಿಗೆ ಹೋಗಿದ್ದಾರೆ, ಆದರೆ ಗಿಡ ಒಯ್ದವರಾಗಿ ಅಲ್ಲ, ಕೂಲಿಗಳಾಗಿ. 1879ರಿಂದ 1916ರವರೆಗೆ 60 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಫಿಜಿಯ ಕಬ್ಬಿನ ತೋಟಗಳಿಗೆ ಒಯ್ದರು. 1903ರಿಂದ ಮದರಾಸು ಬಂದರಿನ ಮೂಲಕ ದಕ್ಷಿಣದವರೂ ಹೋದರು. ಅವರಿಗೆ ಕೆಸು ಗೊತ್ತಿದ್ದ ಗಿಡವೇ. ಆದರೂ ಫಿಜಿಯ ಹಿಂದಿಯಲ್ಲಿ ಇವತ್ತಿಗೂ ಅದು ‘ದಾಲೊ’. ಆ ನೆಲದಲ್ಲಿ ಬದುಕಲು ಆ ನೆಲದ ಹೆಸರನ್ನೇ ಕಲಿತರು.

ಬಳಕೆಯ ವಿಷಯಕ್ಕೆ ಬರುತ್ತೇನೆ. ಹವಾಯಿ ಭಾಷೆಯಲ್ಲಿ ‘ಲಾಅವ್’ ಅಂದರೆ ಮರ, ಗಿಡ, ಕಟ್ಟಿಗೆ. ಔಷಧಿಗೂ ಅದೇ ಮಾತು. ಅರಿಶಿನ ಅವರಲ್ಲಿ ‘ಓಲೆನ’. ‘ಲೆನ’ ಅಂದರೆ ಹಳದಿ. ನಾವೂ ಅರಿಶಿನ ಬಣ್ಣ ಅನ್ನುತ್ತೇವಲ್ಲ, ಹಾಗೇ. ‘ಇಹೊಲೆನ’ ಅಂತ ಒಂದು ಬಾಳೆ ಇದೆ, ಒಳಗಿನ ತಿರುಳು ಹಳದಿ ಅಂತ ಅರ್ಥ. ಹಿಂದೆ ಅಲ್ಲಿ ಹೆಂಗಸರು ಹೆಚ್ಚಿನ ಬಾಳೆ ತಳಿಗಳನ್ನು ತಿನ್ನುವಂತಿರಲಿಲ್ಲ. ತಿನ್ನಬಹುದಾಗಿದ್ದ ಒಂದೆರಡರಲ್ಲಿ ಇದೂ ಒಂದು. 1819ರಲ್ಲಿ ಅರಸ ಲಿಹೊಲಿಹೊ ಎಲ್ಲರ ಎದುರಿಗೆ ಹೆಂಗಸರ ಜೊತೆ ಕೂತು ಉಂಡ. ಆ ಕಟ್ಟಳೆ ಅಲ್ಲಿಗೆ ಮುರಿಯಿತು. ಅರಿಶಿನದಿಂದ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು, ಕಿವಿನೋವಿಗೆ ರಸ ಹಾಕುತ್ತಿದ್ದರು. ಸಮುದ್ರದ ನೀರಿಗೆ ಅರಿಶಿನ ಬೆರೆಸಿ ಮನೆಗೆ, ಜನಕ್ಕೆ ಚಿಮುಕಿಸಿ ಶುದ್ಧ ಮಾಡುತ್ತಿದ್ದರು. ನಮ್ಮಿಂದ ಅವರು ಕಲಿತದ್ದಲ್ಲ, ಅವರಿಂದ ನಾವು ಕಲಿತದ್ದೂ ಅಲ್ಲ. ಇಬ್ಬರಿಗೂ ಅರಿಶಿನ ಹಾಗೆ ಕಂಡಿದೆ.

‘ಕುಕುಯ್’ ಅನ್ನುವುದು ಅಕ್ರೋಟಿನಂಥ ಕಾಯಿ ಬಿಡುವ ಮರ. ಕಾಯಿಯಲ್ಲಿ ಎಣ್ಣೆ ಎಷ್ಟಿದೆ ಅಂದರೆ, ಬೀಜಗಳನ್ನು ತೆಂಗಿನ ಗರಿಯ ಕಡ್ಡಿಗೆ ಪೋಣಿಸಿ ಹಚ್ಚಿದರೆ ಒಂದಾದ ಮೇಲೊಂದು ಉರಿಯುತ್ತಾ ಹೋಗುತ್ತವೆ. ದೀಪಕ್ಕೂ ಬೆಳಕಿಗೂ ಆ ಭಾಷೆಯಲ್ಲಿ ಕುಕುಯ್ ಅಂತಲೇ ಹೇಳುತ್ತಾರೆ. ಅದರ ಮಸಿಯಿಂದ ಹಚ್ಚೆ. ಹುರಿದ ಬೀಜ ಕುಟ್ಟಿ ಉಪ್ಪು ಸೇರಿಸಿದರೆ ಚಟ್ನಿಪುಡಿಯ ಹಾಗೆ ನೆಂಚಿಕೊಳ್ಳಲು. ಮೀನು ಹಿಡಿಯುವವರು ಬೀಜ ಅಗಿದು ನೀರಿನ ಮೇಲೆ ಉಗುಳುತ್ತಿದ್ದರು. ಎಣ್ಣೆ ಹರಡಿ ಅಲೆ ಅಡಗಿ ತಳ ಕಾಣುತ್ತಿತ್ತು. ನಿಮ್ಮ ಸುರಹೊನ್ನೆ ಅಲ್ಲಿ ‘ಕಮನಿ’. ಹೂವರಸಿ ‘ಮಿಲೊ’. ಎರಡರ ಮರದಿಂದಲೂ ಊಟದ ಬಟ್ಟಲು ಕೊರೆಯುತ್ತಿದ್ದರು.

ಹಲ ಗಿಡದ ಎಲೆಯಿಂದ ಚಾಪೆ ನೇಯುತ್ತಾರೆ, ಹಿಂದೆ ದೋಣಿಯ ಪಟವನ್ನೂ ನೇಯುತ್ತಿದ್ದರು. ಆದರೆ ‘ಹಲ’ ಅಂದರೆ ತಪ್ಪಿಹೋಗು, ಕಳೆದುಹೋಗು ಅಂತಲೂ ಅರ್ಥ. ಹಾಗಾಗಿ ಕೆಲಸಕ್ಕೆ ಹೊರಟವರಿಗೆ ಹಲ ಹಣ್ಣಿನ ಮಾಲೆ ಹಾಕುವುದಿಲ್ಲ. ಹೊಸ ವರ್ಷಕ್ಕೆ ಮಾತ್ರ ಹಾಕುತ್ತಾರೆ. ಹಳೆಯದು ಕಳೆಯಲಿ ಅಂತ. ಕಡಲ ಪಾಚಿಗಳಲ್ಲಿ ‘ಲಿಮು ಕಲ’ ಅಂತ ಒಂದಿದೆ. ಕಲ ಅಂದರೆ ಬಿಡಿಸು, ಕ್ಷಮಿಸು. ಮನೆಯವರು ಜಗಳ ಆಡಿ ದೂರವಾದಾಗ ಎಲ್ಲರನ್ನೂ ಕೂರಿಸಿ ಮಾತಾಡಿಸುವ ಪದ್ಧತಿ ಅವರಲ್ಲಿದೆ. ಅಲ್ಲಿ ಈ ಪಾಚಿಯನ್ನು ಬಳಸುತ್ತಾರೆ. ಇಂಥ ಪಾಚಿಗಳ ಹೆಸರುಗಳನ್ನು ತಾಯಿಯಿಂದ ಕಲಿತ ಒಬ್ಬ ಹುಡುಗಿ ಮುಂದೆ ಜಗತ್ತಿನ ದೊಡ್ಡ ಪಾಚಿ ತಜ್ಞೆಯಾದರು. ಅವರು ಇಸಬೆಲ್ಲಾ ಅಬಟ್, 1919ರಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡರು. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಹವಾಯಿ ಮೂಲದ ಮಹಿಳೆ ಅವರೇ.

ಈಗ ನೋನಿ. ನೇರವಾಗಿ ಹೇಳುತ್ತೇನೆ. ನೋನಿ ಅನ್ನುವುದು ಹವಾಯಿ ಹೆಸರು, ಸಮೋಅದಲ್ಲಿ ‘ನೊನು’. ಹಿಂದಿನವರು ಅದರ ಎಲೆ, ಕಾಯಿಯನ್ನು ಹೆಚ್ಚಾಗಿ ಹೊರಗಿನಿಂದ ಹಚ್ಚಲು ಬಳಸಿದರು. ಕುರು, ಗಾಯ, ಉಳುಕು ಇಂಥದ್ದಕ್ಕೆ. ಬೇರಿನಿಂದ ಹಳದಿ ಬಣ್ಣ ತೆಗೆದರು. ಹಣ್ಣಿಗೆ ಕೊಳೆತ ವಾಸನೆ. ಬರಗಾಲ ಬಂದಾಗ ತಿನ್ನುತ್ತಿದ್ದರು. ಬಾಟಲಿಯಲ್ಲಿ ತುಂಬಿ, ದಿನಾ ಕುಡಿದರೆ ಎಲ್ಲ ಕಾಯಿಲೆ ಹೋಗುತ್ತದೆ ಅಂತ ಮಾರಲು ಶುರು ಮಾಡಿದ್ದು 1990ರ ದಶಕದಲ್ಲಿ. ಹೆಸರನ್ನು ತೆಗೆದುಕೊಂಡರು, ಅದರ ಜೊತೆಗಿದ್ದ ತಿಳಿವಳಿಕೆಯನ್ನು ಅಲ್ಲೇ ಬಿಟ್ಟರು. ಸಕ್ಕರೆ ಕಾಯಿಲೆಗೆ ಅದು ಮದ್ದು ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಈ ರಸದಲ್ಲಿ ಪೊಟ್ಯಾಶಿಯಂ ಜಾಸ್ತಿ. ಸಕ್ಕರೆ ಕಾಯಿಲೆ ತುಂಬ ವರ್ಷದಿಂದ ಇರುವವರಿಗೆ ಮೂತ್ರಪಿಂಡ ಸೋತಿರುವುದು ಉಂಟು. ಅಂಥವರಿಗೆ ಇದು ಅಪಾಯ. ಇದನ್ನು ಕುಡಿದವರಲ್ಲಿ ಕೆಲವರಿಗೆ ಯಕೃತ್ತಿಗೆ ತೊಂದರೆಯಾದದ್ದೂ ವೈದ್ಯಕೀಯ ವರದಿಗಳಲ್ಲಿದೆ. ದಯವಿಟ್ಟು ನಿಮ್ಮ ಯಜಮಾನರ ಡಾಕ್ಟರನ್ನು ಕೇಳದೆ ಕೊಡಬೇಡಿ. ಮಾತ್ರೆ ನಿಲ್ಲಿಸಿ ಇದನ್ನು ಕುಡಿಸುವುದಂತೂ ಬೇಡವೇ ಬೇಡ.

ಈ ಹೆಸರುಗಳು ಹೇಗೆ ಉಳಿದವು ಅಂತ ನೀವು ಕೇಳಲಿಲ್ಲ. ಆದರೂ ಹೇಳದಿದ್ದರೆ ಆ ಅಜ್ಜಿಗೆ ಅನ್ಯಾಯ. 1893ರಲ್ಲಿ ಹವಾಯಿಯ ರಾಣಿಯನ್ನು ಕೆಳಗಿಳಿಸಿದರು. 1896ರ ಕಾನೂನು ಶಾಲೆಯ ಪಾಠವೆಲ್ಲ ಇಂಗ್ಲಿಷಿನಲ್ಲೇ ಇರಬೇಕು ಅಂದಿತು. ಶಾಲೆಯಲ್ಲಿ ಮನೆಮಾತು ಆಡಿದ ಮಕ್ಕಳಿಗೆ ಏಟು ಬಿತ್ತು. ಅಪ್ಪ ಅಮ್ಮ ಮಕ್ಕಳಿಗೆ ಭಾಷೆ ಕಲಿಸುವುದನ್ನು ನಿಲ್ಲಿಸಿದರು. ಇತ್ತ ಗದ್ದೆಗಳಿಗೆ ಬರುತ್ತಿದ್ದ ನೀರನ್ನು ಕಬ್ಬಿನ ತೋಟಗಳಿಗೆ ತಿರುಗಿಸಿದರು. ಕಲೊ ಗದ್ದೆ ಒಣಗಿತು. ಗದ್ದೆ ಹೋದ ಮೇಲೆ ತಳಿ ಹೋಯಿತು, ತಳಿ ಹೋದ ಮೇಲೆ ಹೆಸರು ಯಾರ ಬಾಯಲ್ಲಿ ಉಳಿಯಬೇಕು?

ಉಳಿಸಿದ್ದು ಮುಖ್ಯವಾಗಿ ಎರಡು. ಒಂದು, 1834ರಿಂದ 1948ರವರೆಗೆ ಆ ಭಾಷೆಯಲ್ಲಿ ಬಂದ ನೂರಕ್ಕೂ ಹೆಚ್ಚು ಪತ್ರಿಕೆಗಳು. ಹಾಡು, ಕತೆ, ಮದ್ದಿನ ವಿಧಾನ, ಗದ್ದೆಯ ಕೆಲಸ ಎಲ್ಲವನ್ನೂ ಜನ ಅದರಲ್ಲಿ ಬರೆದಿದ್ದರು. ಇನ್ನೊಂದು, ದೂರದ ಕಣಿವೆಗಳಲ್ಲಿ ಕಲೊದ ‘ಹುಲಿ’ಯನ್ನು, ಅಂದರೆ ಗಡ್ಡೆಯ ತಲೆಭಾಗವನ್ನು, ಕೈಬಿಡದೆ ನೆಡುತ್ತಾ ಬಂದ ಮುದುಕ ಮುದುಕಿಯರು. 1978ರಲ್ಲಿ ಹವಾಯಿ ಭಾಷೆ ಮತ್ತೆ ಅಧಿಕೃತ ಭಾಷೆಯಾಯಿತು. 1984ರಲ್ಲಿ ಆ ಭಾಷೆಯಲ್ಲೇ ಮಾತಾಡುವ ಶಿಶುಶಾಲೆ ಶುರುವಾಯಿತು. ಈಗಿನ ಮಕ್ಕಳು ಗದ್ದೆಯ ಕೆಸರಿಗೆ ಇಳಿದು ಹೆಸರು ಕಲಿಯುತ್ತಿದ್ದಾರೆ. 2002ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯ ಮೂರು ಹೊಸ ಕಲೊ ತಳಿಗಳಿಗೆ ಪೇಟೆಂಟ್ ಪಡೆದಾಗ ರೈತರು ಸುಮ್ಮನಿರಲಿಲ್ಲ. ಅಣ್ಣನನ್ನು ಯಾರೂ ಸ್ವಂತ ಆಸ್ತಿ ಮಾಡಿಕೊಳ್ಳುವಂತಿಲ್ಲ ಅಂತ ಬೀದಿಗಿಳಿದರು. 2006ರಲ್ಲಿ ವಿಶ್ವವಿದ್ಯಾಲಯ ಆ ಪೇಟೆಂಟುಗಳನ್ನು ಬಿಟ್ಟುಕೊಟ್ಟಿತು.

ಕೊನೆಗೆ ಪತ್ರೊಡೆ. ಕೆಸುವಿನ ಎಲೆಯಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿರುತ್ತವೆ. ತುರಿಸುವುದು ಅದರಿಂದ. ಅವರೂ ಇದನ್ನು ಬಲ್ಲರು, ‘ಮನೆಓ’ ಅನ್ನುತ್ತಾರೆ. ಕೆಲವು ತಳಿಯಲ್ಲಿ ತುರಿಕೆ ಜಾಸ್ತಿ, ಕೆಲವದರಲ್ಲಿ ಕಡಿಮೆ. ನಿಮ್ಮ ಹಿತ್ತಲಿನ ಪತ್ರೊಡೆ ಕೆಸು ತಲೆಮಾರುಗಳಿಂದ ಆರಿಸಿಕೊಂಡು ಬಂದ ಎಲೆ. ಅದನ್ನು ಬೇಯಿಸುವ ಹೊತ್ತು ಅಲ್ಲಿಯ ಎಲೆಗೆ ಸಾಲದು. ಅವರು ಎಲೆಯಲ್ಲಿ ಮೀನು, ಮಾಂಸ ಇಟ್ಟು, ಹೊರಗೆ ‘ಕೀ’ ಅನ್ನುವ ಗಿಡದ ಎಲೆ ಸುತ್ತಿ ‘ಲೌಲೌ’ ಮಾಡುತ್ತಾರಲ್ಲ, ಅದನ್ನು ಮೂರು ನಾಲ್ಕು ಗಂಟೆ ಹಬೆಯಲ್ಲಿ ಇಡುತ್ತಾರೆ. ಮಗಳಿಗೆ ಹೇಳಿ, ಹುಣಸೆಹುಳಿ ಧಾರಾಳವಾಗಿ ಹಾಕಲಿ, ಒಂದು ಗಂಟೆಗೆ ಕಡಿಮೆ ಇಲ್ಲದ ಹಾಗೆ ಬೇಯಿಸಲಿ. ಚೀನಾದವರು ತಂದ ‘ಬುನ್ ಲಾಂಗ್’ ಅನ್ನುವ ತಳಿ ಅಲ್ಲಿ ಸಿಗುತ್ತದೆ. ಅದರ ಎಲೆಯಲ್ಲಿ ತುರಿಕೆ ಕಡಿಮೆ, ಎಲೆಗೆಂದೇ ಬೆಳೆಯುತ್ತಾರೆ. ಮುಂದಿನ ಸಲ ಸಂತೆಗೆ ಹೋದಾಗ ಕೊಳ್ಳುವ ಮೊದಲು ಅಜ್ಜಿಯ ಹತ್ತಿರ ಒಂದು ಮಾತು ಕೇಳಲಿ: ಇದು ಯಾವ ಕಲೊದ ಎಲೆ?